ಕೋಸಿ ಒಡ್ಡಿನ ಮೇಲೆ ಅತ್ತೆ, ನಾನು ಮತ್ತು ಒಂದೇ ಸೈಕಲ್ಲು

ರಾಯಚೂರು ನಿಲ್ದಾಣ

ನೇಪಾಳಕ್ಕೆ ಹೋಗಿ ಬಂದೆ ಎಂದರೆ ಜನ ಮೊದಲು ಹಿಮದ ಬೆಟ್ಟದ ಬಗ್ಗೆ ಕೇಳುತ್ತಾರೆ. ನಾನು ಬೆಟ್ಟ ನೋಡಲಿಲ್ಲ. ಒಂದು ಬೆಳಿಗ್ಗೆ ಉತ್ತರ ದಿಕ್ಕಿನಲ್ಲಿ ಬೂದುಬಣ್ಣದ ಗೆರೆಯೊಂದು ಕಂಡಿತು. ಅದು ಬೆಟ್ಟವೋ ಮೋಡವೋ ತಿಳಿಯದೆ ಡೈರಿಯಲ್ಲಿ ಪ್ರಶ್ನೆಯ ಗುರುತು ಹಾಕಿ ಬಿಟ್ಟೆ. ನಾನು ನೋಡಿದ್ದು ಮರಳು, ಒಂದು ದೊಡ್ಡ ನದಿ, ಹಕ್ಕಿಗಳು ಮತ್ತು ಸೈಕಲ್ಲಿನ ಹ್ಯಾಂಡಲ್ಲು. ಹ್ಯಾಂಡಲ್ಲನ್ನೇ ಹೆಚ್ಚು ನೋಡಿದೆ. ಹಿಂದಿನ ಕ್ಯಾರಿಯರಿನ ಮೇಲೆ ನಮ್ಮ ಅತ್ತೆ ಕುಳಿತಿದ್ದಳು; ಎದುರಿಗೆ ಗಾಳಿ ಇತ್ತು; ತಲೆ ಎತ್ತುವ ಶಕ್ತಿ ಉಳಿಯುತ್ತಿರಲಿಲ್ಲ.

ನಮ್ಮ ಮನೆ ಮಾನ್ವಿಯಲ್ಲಿ. ಕೆಲಸ ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ತೂಕದ ಕಟ್ಟೆಯಲ್ಲಿ. ಗಾಡಿ ಬಂದರೆ ತೂಕ ಬರೆಯುವುದು, ಖಾಲಿಯಾಗಿ ಹೋದರೆ ಮತ್ತೆ ತೂಕ ಬರೆಯುವುದು. ಭಾನುವಾರ ಮಾತ್ರ ಸೈಕಲ್ ತೆಗೆದುಕೊಂಡು ಕಾಲುವೆಯ ಕೆಳಗಿನ ಭತ್ತದ ಗದ್ದೆ, ಕೆರೆಗಳ ಕಡೆ ಹೋಗಿ ಹಕ್ಕಿ ಎಣಿಸುತ್ತೇನೆ. ಮೂರು ವರ್ಷದಿಂದ ಬರೆದಿಟ್ಟ ಆ ಲೆಕ್ಕವನ್ನು ಹಕ್ಕಿ ಎಣಿಸುವ ಒಂದು ಸಣ್ಣ ಗುಂಪಿಗೆ ಕಳಿಸುತ್ತಿದ್ದೆ. ಅವರು ಕಳೆದ ಮಾಘದಲ್ಲಿ ಬರೆದರು: ಕೋಸಿ ನದಿಯ ಜೌಗಿನಲ್ಲಿ ವಸಂತದ ಎಣಿಕೆ ಇದೆ, ಬಾ, ನಾಲ್ಕು ಬೆಳಗು ನಿನ್ನ ಎಣಿಕೆ ನೋಡುತ್ತೇವೆ, ಸರಿ ಬಂದರೆ ಮುಂದಿನ ಚಳಿಗಾಲ ರಾಯಚೂರು ಸೀಮೆಯ ಎಣಿಕೆಯ ಕೆಲಸ ನಿನಗೆ, ಸಂಬಳದ ಸಮೇತ. ಆ ಪತ್ರ ಓದಿದ ದಿನ ತೂಕದ ಕಟ್ಟೆಯ ಕಿಟಕಿ ಎಂದಿಗಿಂತ ಸಣ್ಣದಾಗಿ ಕಂಡಿತು.

ಅವ್ವ ಒಂದೇ ಮಾತು ಹೇಳಿದಳು. "ಒಬ್ಬಾಕಿನ ಕಳಸಂಗಿಲ್ಲ. ನಿಮ್ಮ ಅತ್ತಿನ ಕರಕೊಂಡು ಹೋಗು."

ಅತ್ತೆ ಎಂದರೆ ಅಪ್ಪನ ತಂಗಿ ಶರಣಮ್ಮ. ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ಅವಳದೂ ಮಾವನದೂ ಜೋಳ, ಕಡಲೆ ಬೆಳೆಯುವ ಹೊಲ. ವಿಷಯ ಕೇಳಿ ಮೊದಲು ನಕ್ಕಳು.

"ಹಕ್ಕಿ ಎಣಸಾಕ ನೇಪಾಳಕ್ಕ ಯಾಕ ಹೋಗ್ಬೇಕಬೇ ಅಂಬೀ? ನಮ್ಮ ಹೊಲಕ್ಕ ಬಾ. ಕವಣಿ ಕೊಡ್ತೀನಿ, ಹೆಂಟಿ ಕೊಡ್ತೀನಿ. ಒಂದೊಂದ ಹೊಡಿ, ಒಂದೊಂದ ಎಣಸು."

ಆಮೇಲೆ ಕೇಳಿದಳು, "ಅಲ್ಲಿ ಪಶುಪತಿನಾಥ ಅದಾನಲ್ಲ?"

ಹೀಗೆ ಒಪ್ಪಂದವಾಯಿತು. ನಾಲ್ಕು ದಿನ ಹಕ್ಕಿಗೆ, ಎರಡು ದಿನ ಪಶುಪತಿಗೆ. ತಿರುಗಿ ಬರುವ ರೈಲಿನ ಟಿಕೇಟು ಮೊದಲೇ ಆಗಿತ್ತು. ನನ್ನ ರಜೆಯೂ ಅಷ್ಟೇ ಇತ್ತು. ಅತ್ತೆ ದೇವಸುಗೂರಿಗೆ ಹೋಗಿ, ಸುಗೂರೇಶ್ವರನಿಗೆ ಕೈಮುಗಿದು, ಕೃಷ್ಣೆಯ ನೀರನ್ನು ಒಂದು ಲೀಟರಿನ ಬಾಟಲಿಯಲ್ಲಿ ತುಂಬಿಸಿಕೊಂಡು ರಾಯಚೂರು ನಿಲ್ದಾಣಕ್ಕೆ ಬಂದಳು. ಬಾಟಲಿಯ ಕುತ್ತಿಗೆಗೆ ಕೆಂಪು ದಾರ.

"ಇದು ಪಶುಪತಿ ತಲಿ ಮ್ಯಾಲೆ ಬೀಳೋ ತನಕ ನೆಲಕ್ಕ ಇಡಾಂಗಿಲ್ಲ," ಎಂದಳು. "ಎಲ್ಲಿ ಹೋದ್ರೂ ತೂಗಹಾಕ್ಬೇಕು, ಇಲ್ಲಂದ್ರ ಕೈಯಾಗ ಹಿಡೀಬೇಕು."

ಪ್ಲಾಟ್‌ಫಾರ್ಮಿನಲ್ಲಿ ರೈಲು ತಡವಾಯಿತು. ಬಾಟಲಿಯನ್ನು ನಾನೇ ಹಿಡಿದು ನಿಂತಿದ್ದೆ. ಪ್ರಯಾಣ ಶುರುವಾಗುವ ಮೊದಲೇ ನನ್ನ ಬಲಗೈ ಸೋತಿತ್ತು.

ರೈಲಿನಲ್ಲಿ, ಭೀಮನಗರದ ತನಕ

ಸಿಕಂದರಾಬಾದಿನಲ್ಲಿ ರೈಲು ಬದಲಿಸಿದೆವು. ಮುಂದಿನದೆಲ್ಲ ಒಂದೇ ಉದ್ದನೆಯ ಮಧ್ಯಾಹ್ನದಂತೆ ನೆನಪಿದೆ. ಬಾಟಲಿ ಕಿಟಕಿಯ ಪಕ್ಕದ ಕೊಕ್ಕೆಯಲ್ಲಿ ತೂಗುತ್ತಿತ್ತು. ಎದುರು ಸೀಟಿನಲ್ಲಿ ರಜೆಗೆ ಊರಿಗೆ ಹೊರಟ ಬಿಹಾರದ ಸಿಪಾಯಿಯೊಬ್ಬ. ಆತ ತನ್ನ ಚೀಲ ತೂಗುಹಾಕಲು ನಮ್ಮ ಬಾಟಲಿ ತೆಗೆದು ಕೆಳಗೆ ಇಡಹೋದ.

"ನಕ್ಕೋ!" ಎಂದು ಅತ್ತೆ ಕಿರುಚಿದಳು. ಅವಳಿಗೆ ಬರುವ ಹಿಂದಿ, ಬೇಡ ಎನ್ನಲು ನಮ್ಮ ಸಂತೆಯಲ್ಲಿ ಕಲಿತ ಆ ಒಂದು ಮಾತು. ಹೊಲದಲ್ಲಿ ಬೆಳೆದ ದನಿ ಅದು. ಆಚೆಯ ಬೋಗಿಯಿಂದ ಚಹಾದವನು ಇಣುಕಿ ನೋಡಿದ.

ನಾನು ಅರ್ಥ ಬಿಡಿಸಿ ಹೇಳಿದೆ. ಸಿಪಾಯಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವರ ಕಡೆಯೂ ಗಂಗೆಯ ನೀರನ್ನು ಹೆಗಲ ಮೇಲೆ ಹೊತ್ತು ನಡೆದು ಶಿವನಿಗೆ ಎರೆಯುತ್ತಾರಂತೆ, ಅದನ್ನೂ ನೆಲಕ್ಕಿಡುವುದಿಲ್ಲವಂತೆ. ಅಮ್ಮ ಮಲಗಲಿ, ನಾನು ಹಿಡಿದಿರುತ್ತೇನೆ ಎಂದ. ತನ್ನ ಊರು ಬರುವ ತನಕ ಹಿಡಿದೇ ಇದ್ದ. ಇಳಿಯುವಾಗ ಬಾಟಲಿಯನ್ನು ಹಣೆಗೆ ಮುಟ್ಟಿಸಿ ನನ್ನ ಕೈಗೆ ಕೊಟ್ಟ.

"ನೋಡು," ಎಂದಳು ಅತ್ತೆ, "ನಿನಗಿಂತ ಅವನೇ ಪಾಡು. ನೀ ಹಿಡಕೊಂಡಾಗೆಲ್ಲ ಮಾರಿ ಸೊಟ್ಟ ಮಾಡ್ತಿ."

ರೈಲಿಳಿದು ಬಸ್ಸು, ಬಸ್ಸಿಳಿದು ಇನ್ನೊಂದು ಬಸ್ಸು. ಭೀಮನಗರದ ಗಡಿಯಲ್ಲಿ ವೋಟಿನ ಚೀಟಿ ತೋರಿಸಿ ದಾಟಿದೆವು. ಬೇರೆ ದೇಶ ಎಂದರೆ ಏನಾದರೂ ಬದಲಾಗಬೇಕೆಂದು ಅತ್ತೆ ಸುತ್ತ ನೋಡಿದಳು. ಅದೇ ಧೂಳು, ಅದೇ ಆಟೋ, ಅದೇ ಹುಲ್ಲಿನ ಗಾಡಿ. ಕೋಸಿ ಬ್ಯಾರೇಜಿನ ಮೇಲೆ ಬಂದಾಗ ಮಾತ್ರ ಇಬ್ಬರೂ ಕತ್ತು ಚಾಚಿ ನೋಡಿದೆವು. ನಮ್ಮ ದೇವದುರ್ಗದ ಕಡೆ ಕೃಷ್ಣೆ ಬಂಡೆಗಳ ನಡುವೆ ಹರಿಯುತ್ತಾಳೆ; ನಿಂತು ನೋಡಿದರೆ ಆಚೆ ದಡದ ಎಮ್ಮೆ ಕಾಣುತ್ತದೆ. ಇಲ್ಲಿ ಆಚೆ ದಡವೇ ಕಾಣಲಿಲ್ಲ. ಬಿಳಿ ಮರಳು, ಮರಳಿನ ನಡುವೆ ನೀರು, ನೀರಿನ ಆಚೆ ಮತ್ತೆ ಮರಳು.

"ಇಷ್ಟು ಮರಳು ನಮ್ಮಲ್ಲಿ ಇದ್ದಿದ್ರ ಬಿಡ್ತಿದ್ರೇನು?" ಎಂದಳು ಅತ್ತೆ. "ಲಾರಿ ಮ್ಯಾಲೆ ಲಾರಿ."

ಒಡ್ಡಿನ ಮೇಲೆ

ನಾವು ಉಳಿದದ್ದು ನದಿಯ ಒಡ್ಡಿಗೆ ಒತ್ತಿಕೊಂಡಿದ್ದ ಒಂದು ಮನೆಯಲ್ಲಿ. ಎಣಿಕೆಯ ಮುಖ್ಯಸ್ಥೆ ಬಿಮಲಾ ಅಲ್ಲೇ ಅಂಗಳದಲ್ಲಿ ಮೇಜು ಹಾಕಿಕೊಂಡಿದ್ದರು. ಕಾಠ್ಮಂಡುವಿನವರು, ನಲವತ್ತರ ಆಸುಪಾಸು, ಮೆಲುದನಿ. ಎಲ್ಲರೂ ದಿದಿ ಎನ್ನುತ್ತಿದ್ದರು, ಅಂದರೆ ಅಕ್ಕ. ನಗದೆ, ಹಿಂದಿಯಲ್ಲಿ ನನಗೆ ನಿಯಮ ಹೇಳಿದರು. ನಸುಕಿನಲ್ಲಿ ನಿನಗೆ ಕೊಟ್ಟ ಜಾಗದಲ್ಲಿ ಇರಬೇಕು. ಬಾತುಗಳು ಇಳಿದ ಮೇಲೆ ಎಣಿಸಬೇಕು. ಸದ್ದು ಕೂಡದು. ನಿನ್ನಿಂದ ಹಕ್ಕಿ ಎದ್ದರೆ ಆ ದಿನದ ಎಣಿಕೆ ಇಲ್ಲ. ನಾಲ್ಕು ಬೆಳಗು, ನಾಲ್ಕು ಪೂರ್ತಿ ಎಣಿಕೆ.

ನನ್ನ ಜಾಗಕ್ಕೆ ಒಡ್ಡಿನ ಮೇಲೆ ಸೈಕಲ್ಲಿನಲ್ಲೇ ಹೋಗಬೇಕು. ಮೋಟಾರಿನ ಸದ್ದಿಗೆ ಹಕ್ಕಿ ನಿಲ್ಲುವುದಿಲ್ಲ. ಮನೆಯವರು ಕೊಟ್ಟದ್ದು ಕರಿಯ, ಭಾರದ, ಹಳೆಯ ಸೈಕಲ್ಲು. ಗುಂಡಿ ಬಂದರೆ ಸರಪಳಿ ಕಳಚುತ್ತಿತ್ತು. ಅತ್ತೆ ಮನೆಯಲ್ಲಿರಲು ಒಪ್ಪಲಿಲ್ಲ.

"ಅವರ ಮಾತು ನನಗ ತಿಳಿಯಂಗಿಲ್ಲ, ನನ್ನ ಮಾತು ಅವರಿಗೆ ತಿಳಿಯಂಗಿಲ್ಲ. ಗ್ವಾಡಿ ನೋಡ್ಕೋತ ಕುಂದರ್ಲೇನು? ಹಿಂದ ಕುಂತು ಬರ್ತೀನಿ, ನಡಿ."

ಹಿಂದೆ ಅತ್ತೆ, ಮುಂದೆ ಹ್ಯಾಂಡಲ್ಲಿಗೆ ತೂಗುಹಾಕಿದ ಕೃಷ್ಣೆಯ ನೀರು. ಪಡುವಣ ಗಾಳಿ ಮರಳನ್ನು ಎತ್ತಿ ಮುಖಕ್ಕೆ ಎರಚುತ್ತಿತ್ತು. ಬೂರುಗದ ಮರಗಳು ಎಲೆಯಿಲ್ಲದೆ ಕೆಂಪು ಹೂ ಹೊತ್ತು ನಿಂತಿದ್ದವು. ಚೆಂದವೇ, ಆದರೆ ಉಸಿರು ಕಟ್ಟಿದವರಿಗೆ ಚೆಂದ ಯಾವುದಕ್ಕೂ ಬರುವುದಿಲ್ಲ. ಆ ಊರಿನವರು ಹೆಂಡತಿ, ಮಗು, ಅಕ್ಕಿಮೂಟೆ, ಮೇಕೆಮರಿ ಎಲ್ಲವನ್ನೂ ಒಂದೇ ಸೈಕಲ್ಲಿನಲ್ಲಿ ಏರಿಸಿಕೊಂಡು, ಬೀಡಿ ಸೇದುತ್ತ ನಮ್ಮನ್ನು ದಾಟಿ ಹೋಗುತ್ತಿದ್ದರು. ಕೆಲವರು ತಿರುಗಿ ಅತ್ತೆಗೆ ಕೈಮುಗಿಯುತ್ತಿದ್ದರು, ಬಹುಶಃ ಅವಳ ಹಣೆಯ ವಿಭೂತಿ ನೋಡಿ.

"ನಿನಗ ಯಾರೂ ಮುಗಿಲಿಲ್ಲ ನೋಡು," ಎನ್ನುವುದು ಹಿಂದಿನಿಂದ.

"ತುಳಿಯೋರಿಗೆ ಯಾರು ಮುಗೀತಾರ?"

ನನ್ನ ಜಾಗ ಒಡ್ಡಿನ ನದಿಯ ಬದಿ. ಅಲ್ಲಿಂದ ಮರಳ ದಿಬ್ಬ ನೇರ ಕಾಣುತ್ತದೆ. ಅತ್ತೆಯನ್ನು ಒಡ್ಡಿನ ಇನ್ನೊಂದು ಬದಿಯಲ್ಲಿ, ನದಿಗೆ ಬೆನ್ನು ಮಾಡಿ ಕೂರಿಸುತ್ತಿದ್ದೆ. ಅವಳ ಮುಂದೆ ಯಾರದೋ ಮಸೂರ ಬೇಳೆಯ ಹೊಲ, ಅಷ್ಟೆ. ಅವಳು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ತುಟಿಯಲ್ಲೇ ಓಂ ನಮಃ ಶಿವಾಯ ಎನ್ನುತ್ತಿದ್ದಳು.

ಮೊದಲ ಮೂರು ಬೆಳಗೂ ಎಣಿಕೆ ಸರಿಯಾಯಿತು. ಪಟ್ಟೆತಲೆಯ ಹೆಬ್ಬಾತುಗಳು ಸಾಲುಗಟ್ಟಿ ಬಂದು ದಿಬ್ಬದ ಮೇಲೆ ಇಳಿಯುತ್ತಿದ್ದವು. ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇವೇ ಜಾತಿಯವು ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುತ್ತವೆ, ಬೇಸಿಗೆಗೆ ಮುಂಚೆ ಹಿಮಾಲಯ ದಾಟಿ ಹೋಗುತ್ತವೆ. ದಾಟುವ ಮೊದಲು ಇಲ್ಲಿ ತಂಗುತ್ತವೆ. ಹತ್ತತ್ತರ ಗುಂಪಾಗಿ ಎಣಿಸಿ, ಗೆರೆ ಎಳೆದು, ಮತ್ತೊಮ್ಮೆ ತಿರುಗಿ ಎಣಿಸುತ್ತಿದ್ದೆ. ಎಣಿಸುವಾಗ ಕಾಲು ನೋವು ಮರೆಯುತ್ತಿತ್ತು. ನಿಲ್ಲಿಸಿದ ಕೂಡಲೇ ನೆನಪಾಗುತ್ತಿತ್ತು.

ಅತ್ತೆಗೆ ಸಾಸಿವೆ ಎಣ್ಣೆಯ ವಾಸನೆ ಹಿಡಿಸಲಿಲ್ಲ. ಊರಿಂದ ತಂದ, ಒಣಗಿಸಿದ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲೇ ಕಳೆದಳು. ಒಂದು ಬೆಳಿಗ್ಗೆ ಮನೆಯವರು ಅವಲಕ್ಕಿಗೆ ಗಟ್ಟಿ ಮೊಸರು ಹಾಕಿ ಕೊಟ್ಟರು. "ಇದು ನಮ್ಮ ಊಟ ಆತಲ್ಲ!" ಎಂದು ಎರಡು ಬಟ್ಟಲು ತಿಂದಳು. ಅಂದು ಕ್ಯಾರಿಯರ್ ಇನ್ನೂ ಭಾರವಾಗಿತ್ತು.

ಎಮ್ಮೆ

ಎರಡನೆಯ ದಿನ ಎಣಿಕೆ ಮುಗಿಸಿ ತಿರುಗಿ ಬರುವಾಗ ಒಡ್ಡಿನ ಕೆಳಗೆ ಒಂದು ಎಮ್ಮೆ ನಿಂತಿತ್ತು. ನಮ್ಮ ಎಮ್ಮೆಯ ಒಂದೂವರೆ ಪಟ್ಟು. ಕೊಂಬು ಎರಡೂ ಕೈ ಚಾಚಿದಷ್ಟು ಅಗಲ. ನಾನು ಬ್ರೇಕು ಹಾಕುವಷ್ಟರಲ್ಲಿ ಅತ್ತೆ ಇಳಿದಾಗಿತ್ತು.

"ಯಾರ ಎಮ್ಮಿನೋ ಹಗ್ಗ ಹರಕೊಂಡು ಬಂದೈತಿ. ಮಸೂರಿ ಹೊಲಕ್ಕ ಹೊಕ್ಕತಿ ನೋಡು. ಹೇ! ಹೇ ಹೇ! ನಡೀ ಮನಿಗೆ!"

ಎದುರಿನಿಂದ ಬರುತ್ತಿದ್ದ ಕಾಡಿನ ಕಾವಲುಗಾರ ಸೈಕಲ್ ಬಿಸಾಡಿ ಓಡಿ ಬಂದು ಅತ್ತೆಯ ತೋಳು ಹಿಡಿದು ಹಿಂದಕ್ಕೆಳೆದ. ಅದು ಕಾಡೆಮ್ಮೆ. ಅಲ್ಲಿನ ಕಾಯ್ದಿಟ್ಟ ಕಾಡಿನದು, ಮನುಷ್ಯರನ್ನು ತಿವಿದದ್ದೂ ಉಂಟಂತೆ. ಎಮ್ಮೆ ಅತ್ತೆಯನ್ನು ಒಂದು ಗಳಿಗೆ ನೋಡಿತು. ಆಮೇಲೆ, ನಿಜ ಹೇಳುತ್ತೇನೆ, ತಿರುಗಿ ಕಾಡಿನ ಕಡೆ ನಡೆಯಿತು.

ಕಾವಲುಗಾರ ಬಿಸಾಡಿದ ಸೈಕಲ್ ಎತ್ತಲು ಹೋದ. ಅತ್ತೆ ಸೀರೆ ಕೊಡವಿಕೊಂಡು, "ಮಾತು ಕೇಳ್ತದ. ಎಮ್ಮಿ ಎಲ್ಲಿದ್ರೂ ಎಮ್ಮಿನ," ಎಂದಳು.

ಅಂದೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಬೆಳೆಗೆ ಬಾಯಿ ಹಾಕುವುದನ್ನು ಕಂಡರೆ ಅತ್ತೆಯ ಬಾಯಿ ಅವಳ ಕೈಯಲ್ಲಿರುವುದಿಲ್ಲ.

ನಾಲ್ಕನೆಯ ಬೆಳಗು

ನಾಲ್ಕನೆಯ ಬೆಳಿಗ್ಗೆ ಗಾಳಿ ಇರಲಿಲ್ಲ. ಸರಪಳಿಯೂ ಕಳಚಲಿಲ್ಲ. ಇಂದು ಇದೊಂದು ಮುಗಿದರೆ ಸಂಜೆಯ ಬಸ್ಸಿಗೆ ಕಾಠ್ಮಂಡು, ನಾಳೆ ಪಶುಪತಿ. ಅತ್ತೆ ದಾರಿಯುದ್ದಕ್ಕೂ ತಲೆಗೆ ನೀರು ಹಾಕಿಕೊಂಡು ಹೊಸ ಸೀರೆ ಉಡುವ ಮಾತಾಡುತ್ತಿದ್ದಳು.

ಬಾತುಗಳು ಬಂದವು. ದಿಬ್ಬದ ಮೇಲೆ ಇಳಿಯಲಿಲ್ಲ. ನನ್ನ ತಲೆಯ ಮೇಲೇ ಹಾದು ಒಡ್ಡಿನ ಆಚೆ ಇಳಿದವು, ಮಸೂರದ ಹೊಲದಲ್ಲಿ, ಅತ್ತೆಯ ಮುಂದೆ. ನಾನು ಮೊಣಕಾಲೂರಿ ಒಡ್ಡಿನ ನೆತ್ತಿಗೆ ಬಂದೆ. ಇಷ್ಟು ಹತ್ತಿರ ಎಂದೂ ಕಂಡಿರಲಿಲ್ಲ. ಹಳದಿ ಕೊಕ್ಕು ಬಲಿತ ಕಾಯಿಗಳನ್ನು ಕೀಳುವ ಸಣ್ಣ ಸದ್ದೂ ಕೇಳುತ್ತಿತ್ತು. ಹತ್ತು, ಇಪ್ಪತ್ತು, ಮೂವತ್ತು. ನಾಲ್ಕನೆಯ ಹತ್ತಕ್ಕೆ ಬಂದಿದ್ದೆ.

"ಹೋ...! ಹೋಯ್, ಹೋಯ್, ಹುರ್ರೋ!"

ಅತ್ತೆ ಎದ್ದು ನಿಂತಿದ್ದಳು. ಎಡಗೈಯಲ್ಲಿ ಬಾಟಲಿ, ಬಲಗೈಯಲ್ಲಿ ಮಣ್ಣಿನ ಹೆಂಟೆ. ಹೆಂಟೆ ಹಾರಿತು. ಹೊಲಕ್ಕೆ ಹೊಲವೇ ಎದ್ದಂತೆ ಬಾತುಗಳೆಲ್ಲ ಎದ್ದವು. ರೆಕ್ಕೆಯ ಗಾಳಿ ನನ್ನ ಮುಖಕ್ಕೆ ಬಡಿಯಿತು. ನದಿ ದಾಟಿ, ಮರಳು ದಾಟಿ, ಕಾಣದಾದವು.

ಅತ್ತೆ ಇನ್ನೊಂದು ಹೆಂಟೆಗೆ ಬಗ್ಗಿದವಳು ನನ್ನ ಮುಖ ನೋಡಿದಳು. ಹೆಂಟೆ ಅಲ್ಲೇ ಬಿತ್ತು.

"ನನ್ನ ಬಾಯಿ ಸುಡ್ಲಿ," ಎಂದಳು.

ಅಷ್ಟರಲ್ಲಿ ಹೊಲದ ಆ ತುದಿಯ ಗುಡಿಸಲಿಂದ ಒಬ್ಬ ಮುದುಕಿ ಕೈಯಲ್ಲಿ ಕೋಲು ಹಿಡಿದು ಬಂದಳು. ಹೊಲದೊಡತಿ. ಬಾಯಿತುಂಬ ನಗು. ಅವಳಾಡಿದ ಆ ಸೀಮೆಯ ಮೈಥಿಲಿ ಭಾಷೆ ನನಗೆ ಅರ್ಧ ತಿಳಿಯಿತು, ಅತ್ತೆಗೆ ಏನೂ ತಿಳಿಯಲಿಲ್ಲ. ಆದರೂ ಇಬ್ಬರೂ ಹೊತ್ತಾಗುವ ತನಕ ಮಾತಾಡಿದರು. ಮುದುಕಿ ತಿಂದುಹೋದ ಗಿಡ ತೋರಿಸಿದಳು. ಅತ್ತೆ ತನ್ನ ಕಡಲೆ ಹೊಲದ ಕಥೆ ಕನ್ನಡದಲ್ಲಿ ಹೇಳಿದಳು. ಮುದುಕಿ ತನ್ನ ಕೂಗು ಕೂಗಿ ತೋರಿಸಿದಳು, ಗಂಟಲು ಒಡೆದುಹೋಗಿತ್ತು. ಅತ್ತೆ ತಲೆ ಅಲ್ಲಾಡಿಸಿ, "ಹೊಟ್ಟಿಯಿಂದ ಕೂಗ್ಬೇಕು ಯವ್ವಾ," ಎಂದಳು.

ನಾನು ದೂರ ಕುಳಿತು ಖಾಲಿ ಹೊಲ ನೋಡುತ್ತಿದ್ದೆ. ತೂಕದ ಕಟ್ಟೆಯ ಕಿಟಕಿ ಕಣ್ಣ ಮುಂದೆ ಬಂತು.

ತಿರುಗಿ ಹೋಗುವಾಗ ಹೇಳಿದೆ, "ನೀ ಊರಾಗ ಇರಬೇಕಿತ್ತು ಅತ್ತಿ."

ಅಂದಿನಷ್ಟು ಆ ಸೈಕಲ್ಲು ಎಂದೂ ಭಾರವಾಗಿರಲಿಲ್ಲ.

ಎರಡು ಬೆರಳು

ಬಿಮಲಾ ದಿದಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಅತ್ತೆಯನ್ನು ನೋಡಿ, ಯಾಕೆ ಕೂಗಿದರು ಎಂದು ಕೇಳಿದರು. ಕೋಪದ ದನಿಯಲ್ಲಿ ಅಲ್ಲ, ತಿಳಿದುಕೊಳ್ಳಲು ಕೇಳಿದಂತೆ.

ಅತ್ತೆ ಹೇಳಿದಳು, "ಸಣ್ಣಾಕಿ ಇದ್ದಾಗಿಂದ ಜೋಳದ ಹೊಲದಾಗ ಅಟ್ಟ ಹತ್ತಿ ಕೂಗೀನಿ. ಹಕ್ಕಿ ಬೆಳಿಯಾಗ ಇಳದ್ರ ಸುಮ್ನ ಕುಂದ್ರು ಅಂತ ನನಗ ಯಾರೂ ಕಲಿಸಿಲ್ಲ. ಈಕಿಗೂ ಹೇಳು, ಈಕಿ ಮನ್ಯಾಗೂ ಕಾಳು ಅಲ್ಲಿಂದಾನ ಬಂದದ್ದು."

ನಾನು ಮೊದಲರ್ಧ ಮಾತ್ರ ಹಿಂದಿಗೆ ತಂದೆ. ದಿದಿ ತುಸು ಹೊತ್ತು ಪೆನ್ನು ತಿರುಗಿಸಿದರು. ಕದಡಿದ ಜಾಗವನ್ನು ಮರುದಿನ ಎಣಿಸುವಂತಿಲ್ಲ, ಒಂದು ದಿನ ಬಿಡಬೇಕು ಎಂದರು. ಎರಡು ಬೆರಳು ಎತ್ತಿ ತೋರಿಸಿದರು. ಇನ್ನೆರಡು ದಿನ ಇದ್ದು ಎಣಿಸಿಕೊಟ್ಟರೆ ಸರಿ. ಇಲ್ಲದಿದ್ದರೆ ನಿನ್ನ ಎಣಿಕೆ ಮೂರೇ ಬೆಳಗಿನದು. ನಾನು ಏನೂ ಮಾಡಲಾರೆ.

ಆ ಎರಡು ದಿನ ಪಶುಪತಿಯವು.

ಅಂಗಳ ದಾಟುವಾಗ ಅತ್ತೆ ಕೇಳಿದಳು, "ಏನಂದ್ಳು?"

"ಏನಿಲ್ಲ. ಮುಗೀತು, ಹೋಗ್ರಿ ಅಂದ್ರು. ಚೀಲ ಕಟ್ಟು, ಸಂಜಿ ಬಸ್ಸಿಗೆ ಹೋಗೂಣು."

ಹೇಳಿ, ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಒಳ್ಳೆಯತನದಿಂದ ಹೇಳಿದ ಸುಳ್ಳಲ್ಲ ಅದು. ವಾದಿಸುವಷ್ಟು ತ್ರಾಣವಿರಲಿಲ್ಲ. ಕಾಲು, ಸೊಂಟ, ಕಣ್ಣು ಎಲ್ಲ ನೋಯುತ್ತಿದ್ದವು. ಅತ್ತೆಗೆ ಕೊಟ್ಟ ಮಾತು ಇತ್ತು, ಅದೂ ಒಂದು ಕಡೆ ನೋಯುತ್ತಿತ್ತು.

"ಅಂಬೀ," ಎಂದಳು ಅತ್ತೆ. "ಎರಡು ಬೆರಳು ತೋರಿಸಿದ್ಳಲ್ಲ. ಏನು ಎರಡು?"

ಹೇಳಬೇಕಾಯಿತು.

ಅತ್ತೆ ಮೊಳೆಗೆ ತೂಗುತ್ತಿದ್ದ ಬಾಟಲಿಯನ್ನು ನೋಡುತ್ತ ಕುಳಿತಳು. ಬಿಸಿಲು ಬಾಗಿಲಿಂದ ಮಂಚದ ತನಕ ಬಂತು. ಕಡೆಗೆ ಎದ್ದು ಬಾಟಲಿ ಇಳಿಸಿ ಅಂಗಳಕ್ಕೆ ನಡೆದಳು. ನಾನು ಹಿಂದೆ ಹೋದೆ.

"ಈಕಿ ಊರು ಪಶುಪತಿ ಊರೇ ಅಲ್ಲೇನು? ಎಂದು ಹೋಗ್ತಾಳ ಕೇಳು."

ಎಣಿಕೆ ಮುಗಿದ ಸಂಜೆ ಹೋಗುತ್ತೇನೆ ಎಂದರು ದಿದಿ.

"ಹಂಗಾದ್ರ ಇದನ್ನ ಒಯ್ಯಂತ ಹೇಳು. ಶಿವನ ತಲಿ ಮ್ಯಾಲೆ ಹಾಕಿ ಬಾ ಅನ್ನು. ನೆಲಕ್ಕ ಇಡಾಂಗಿಲ್ಲ, ಅದನ್ನೂ ಹೇಳು. ಬಸ್ಸಿನ್ಯಾಗ ತೂಗಹಾಕ್ಬೇಕು. ಉಚ್ಚಿಗೆ ಇಳದ್ರ ಪಕ್ಕದಾಕಿ ಕೈಗೆ ಕೊಟ್ಟು ಇಳೀಬೇಕು."

"ಅತ್ತಿ, ನೀ ನೋಡಬೇಕಿತ್ತು..."

"ನಿನ್ನ ಎಣಿಕಿ ಕೆಡಿಸಿದಾಕಿ ನಾ. ನಾ ನಿಲ್ತೀನಿ. ಮಾತು ಬ್ಯಾಡ."

ನಾನು ಎಲ್ಲವನ್ನೂ ಹೇಳಿದೆ, ಉಚ್ಚೆಯ ಮಾತನ್ನೂ. ಬಿಮಲಾ ದಿದಿ ಮೊದಲ ಸಲ ನಕ್ಕರು.

ಆರನೆಯ ಬೆಳಗು

ನಡುವಿನ ದಿನ ನಿದ್ದೆ ಮಾಡಿದೆ. ಡೈರಿಯಲ್ಲಿ ಆ ದಿನಕ್ಕೆ ಇರುವುದು ಒಂದೇ ಪದ: ನಿದ್ದೆ.

ಕೊನೆಯ ಬೆಳಿಗ್ಗೆ ಅತ್ತೆ ನನಗಿಂತ ಮೊದಲು ಎದ್ದು ಕ್ಯಾರಿಯರ್ ಹಿಡಿದು ನಿಂತಿದ್ದಳು.

"ನೀ ಮನ್ಯಾಗ ಇರು," ಎಂದೆ.

"ನಾ ಬರದಿದ್ರ ಆ ಮುದುಕಿ ಕೂಗ್ತಾಳ. ಆಕಿನ ಯಾರು ಹಿಡೀತಾರ, ನಿಮ್ಮಪ್ಪ?"

ಅದು ನನಗೆ ಹೊಳೆದೇ ಇರಲಿಲ್ಲ. ಬಾತುಗಳಿಗೆ ಮಸೂರದ ರುಚಿ ಹತ್ತಿತ್ತು. ಇಂದೂ ಅಲ್ಲಿಗೇ ಬರಬಹುದು. ಮುದುಕಿ ಕೋಲು ಹಿಡಿದು ಕಾಯುತ್ತಿರುತ್ತಾಳೆ.

"ಮತ್ತ ನಿನ್ನ ಬಾಯಿ?"

ಅತ್ತೆ ಸೊಂಟದ ಗಂಟು ತೋರಿಸಿದಳು. ಊರಿಂದ ತಂದದ್ದರಲ್ಲಿ ಉಳಿದ ಕೊನೆಯ ರೊಟ್ಟಿ.

ನಸುಕಿನಲ್ಲಿ ನಾನು ಒಡ್ಡಿನ ನೆತ್ತಿಯ ಮೇಲೆ ಹುಲ್ಲಿನ ಹಿಂದೆ ಕುಳಿತೆ. ಕೆಳಗೆ ಅತ್ತೆ ಗುಡಿಸಲಿಗೆ ಹೋಗಿ ಮುದುಕಿಯ ಮಣಿಕಟ್ಟು ಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಕಂಡಿತು. ಕೈಸನ್ನೆ ನಡೆಯಿತು. ಮೇಲಿನ ನನ್ನನ್ನು ತೋರಿಸಿದಳು, ಕಣ್ಣು ತೋರಿಸಿದಳು, ಹೆಬ್ಬೆರಳು ತೋರುಬೆರಳು ಸೇರಿಸಿ ಇಷ್ಟೇ ಇಷ್ಟು ಹೊತ್ತು ಎಂದಳು. ಮುದುಕಿ ತಲೆ ಅಲ್ಲಾಡಿಸಿದಳು, ಆಗುವುದಿಲ್ಲ ಎಂಬಂತೆ. ಅತ್ತೆ ರೊಟ್ಟಿ ಮುರಿದು ಅರ್ಧ ಅವಳ ಕೈಗಿಟ್ಟಳು. ಮುದುಕಿ ಮೂಸಿ ನೋಡಿದಳು. ಇಬ್ಬರೂ ಬಾಯಿಗಿಟ್ಟುಕೊಂಡರು. ಕಟಕ್ ರೊಟ್ಟಿ ಕಡಿದರೆ ಸದ್ದಾಗುತ್ತದೆ. ಕಡಿಯದೆ, ನೆನೆಯಲು ಬಿಟ್ಟು ಕುಳಿತರು.

ಬಾತುಗಳು ಬಂದವು, ಹೊಲದಲ್ಲೇ ಇಳಿದವು.

ಎಣಿಸಲು ಶುರು ಮಾಡಿದೆ. ಹತ್ತು, ಇಪ್ಪತ್ತು. ನೂರು ದಾಟಿತು. ಕೆಳಗೆ ಅತ್ತೆಯ ಕೆನ್ನೆ ಉಬ್ಬಿತ್ತು. ಅವಳ ಒಂದು ಕೈ ಮುದುಕಿಯ ಮಣಿಕಟ್ಟಿನ ಮೇಲೆ. ಇನ್ನೊಂದು ಕೈ ನೆಲದ ಹೆಂಟೆಯ ಮೇಲೆ, ಎತ್ತದೆ, ಬಿಡದೆ. ಅವರ ಕಣ್ಣ ಮುಂದೆಯೇ ಹೊಲ ಕರಗುತ್ತಿತ್ತು. ನೂರೈವತ್ತು. ಮುದುಕಿಯ ಕಣ್ಣಿಂದ ನೀರು ಬರುತ್ತಿತ್ತೋ, ರೊಟ್ಟಿ ಗಂಟಲಿಗೆ ಒತ್ತಿತ್ತೋ, ಆ ದೂರಕ್ಕೆ ತಿಳಿಯಲಿಲ್ಲ. ತಿರುಗಿ ಎಣಿಸಬೇಕು, ಅದು ನಿಯಮ. ನನ್ನ ಮೂರು ವರ್ಷದ ಎಣಿಕೆಯಲ್ಲಿ ಅವತ್ತಿನಷ್ಟು ವೇಗವಾಗಿ ಎಂದೂ ಎಣಿಸಿಲ್ಲ.

ನೂರ ಎಂಬತ್ತಾರು. ಎರಡೂ ಸಲ ನೂರ ಎಂಬತ್ತಾರು.

ಎದ್ದು ನಿಂತು ಕೈ ಎತ್ತಿದೆ.

ಇಬ್ಬರೂ ರೊಟ್ಟಿ ಉಗುಳಿ ಒಟ್ಟಿಗೆ ಎದ್ದರು. ಒಂದು ಕನ್ನಡದ ಕೂಗು, ಒಂದು ಮೈಥಿಲಿಯ ಕೂಗು. ದೂರದಿಂದ ಕೇಳಿದವರಿಗೆ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಬಾತುಗಳು ಎದ್ದು ಒಂದು ಸುತ್ತು ಹಾಕಿ ಈ ಸಲ ನದಿಯ ಕಡೆಗಲ್ಲ, ಉತ್ತರಕ್ಕೆ, ಆ ಬೂದು ಗೆರೆಯ ಕಡೆಗೆ ಹೋದವು.

ಮುದುಕಿ ಅತ್ತೆಯ ಭುಜಕ್ಕೆ ಒಂದು ಪೆಟ್ಟು ಕೊಟ್ಟಳು, ಸಿಟ್ಟಿನದೂ ಹೌದು, ಸಲಿಗೆಯದೂ ಹೌದು. ಆಮೇಲೆ ಮಸೂರದ ಒಂದು ಕಟ್ಟು ಕಿತ್ತು ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸಿದಳು. ಬಾಟಲಿ ತೂಗುತ್ತಿದ್ದ ಜಾಗ ಅಂದು ಬೆಳಿಗ್ಗೆ ಖಾಲಿಯಿತ್ತು.

ತಿರುಗಿ

ಗಡಿ ದಾಟಿ ಎರಡನೆಯ ದಿನ, ರೈಲಿನಲ್ಲಿ ಎಲ್ಲೋ ಸಿಗ್ನಲ್ ಸಿಕ್ಕಾಗ, ಫೋನಿಗೆ ಮೂರು ಚಿತ್ರ ಬಂದವು. ಮೊದಲನೆಯದರಲ್ಲಿ ಬಾಟಲಿ ಬಸ್ಸಿನ ಸರಳಿಗೆ ತೂಗುತ್ತಿದೆ. ಎರಡನೆಯದರಲ್ಲಿ ಯಾರೋ ಪರಿಚಯವಿಲ್ಲದ ಹೆಂಗಸೊಬ್ಬಳು ಬಾಟಲಿ ಹಿಡಿದು ಕುಳಿತಿದ್ದಾಳೆ, ಮುಖದಲ್ಲಿ ಗೊಂದಲ. ದಿದಿ ಇಳಿದಿರಬೇಕು. ಮೂರನೆಯದರಲ್ಲಿ ಗುಡಿಯ ಚಿನ್ನದ ಬಣ್ಣದ ಮಾಡು, ಮುಂದೆ ಚಾಚಿದ ಒಂದು ಕೈ, ಕೈಯಲ್ಲಿ ಕೆಂಪು ದಾರದ ಖಾಲಿ ಬಾಟಲಿ.

ಅತ್ತೆ ಮೂರನೆಯದನ್ನು ಬಹಳ ಹೊತ್ತು ನೋಡಿದಳು.

"ನೀರು ನೋಡಿ ಬಂತು," ಎಂದಳು. "ನಾ ನೋಡ್ಲಿಲ್ಲ."

ಫೋನು ನನಗೆ ಕೊಟ್ಟು ಕಿಟಕಿಯ ಕಡೆ ತಿರುಗಿದಳು. ನಮ್ಮ ಎದುರಿನ ಕೊಕ್ಕೆಯಲ್ಲಿ ಬೇರೆ ಯಾರದೋ ಚೀಲ ತೂಗುತ್ತಿತ್ತು.

ಮಾನ್ವಿ

ಮಳೆಗಾಲದಲ್ಲಿ ಬಿಮಲಾ ದಿದಿಯ ಪತ್ರ ಬಂತು. ನಾಲ್ಕು ಪೂರ್ತಿ ಎಣಿಕೆ ಎಂದಿತ್ತು, ಕೆಲಸ ಕೊಟ್ಟಿದ್ದೇವೆ ಎಂದಿತ್ತು. ಕೆಳಗೆ, ನಿಮ್ಮ ಅತ್ತೆಯವರಿಗೆ ನಮಸ್ಕಾರ, ಪಶುಪತಿ ದರ್ಶನಕ್ಕೆ ನಮ್ಮ ಮನೆಯಲ್ಲಿ ಅವರಿಗೊಂದು ಮಂಚ ಇದೆ ಎಂದೂ ಇತ್ತು. ತೂಕದ ಕಟ್ಟೆ ಬಿಟ್ಟೆ. ಬಿಟ್ಟರೆ ದಣಿವು ಹೋಗುತ್ತದೆ ಎಂದುಕೊಂಡಿದ್ದೆ. ದಣಿವು ಸೈಕಲ್ಲಿನ ಮೇಲೆ ಬಂದು ಕುಳಿತಿತು, ಅಷ್ಟೆ. ಬಾಯಿ ತೆರೆದು ಹಾಡಿ ಹೊಗಳುವ ಕೆಲಸವಲ್ಲ ಇದು. ಚಳಿ, ಕೆಸರು, ನಾಯಿ, ಪಂಕ್ಚರು. ಕೆಲವು ದಿನ ಸಂಜೆಯ ತನಕ ತುಳಿದರೂ ಒಂದು ಬಾತು ಕಾಣುವುದಿಲ್ಲ.

ಅಂಥದೇ ಒಂದು ಬೆಳಿಗ್ಗೆ ಮನೆಯಲ್ಲಿ ಕಾಲಿಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದಾಗ ಫೋನು ಬಂತು, ಮಸರಕಲ್ಲಿನಿಂದ. ಅತ್ತೆ ಪಿಸುಗುಟ್ಟುತ್ತಿದ್ದಳು. ಅವಳು ಪಿಸುಗುಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಅಂಬೀ, ನಿನ್ನ ಹಕ್ಕಿ ಬಂದಾವ. ತಲಿ ಮ್ಯಾಲೆ ಎರಡು ಗೆರಿ ಅದಾವ, ನೋಡೀನಿ. ನನ್ನ ಕಡ್ಲಿ ಹೊಲದಾಗ ಇಳದು ತಿನ್ನಾಕತ್ಯಾವ. ಓಡಸ್ಲೇನು, ಎಣಸ್ತಿ?"

"ಎಣಸ್ತೀನಿ ಅತ್ತಿ, ತಡಿ. ಈಗ ಹೊಂಟೆ."

"ಹಂಗಾದ್ರ ಲಗೂ ಬಾ," ಎಂದಳು, ಬಾಯಿ ತುಂಬಿದವರ ದನಿಯಲ್ಲಿ. "ರೊಟ್ಟಿ ಬಾಯಾಗ ಇಟ್ಕೊಂಡು ಎಷ್ಟೊತ್ತು ಕುಂದರ್ಲಿ?"